ಗಾಳಿಯಂತ್ರ ಕೊಡುವ ಮುನ್ನ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಗುಡ್ಡದ ಮೇಲಿನ ಹಟ್ಟಿಗೆ ಇನ್ನೂ ಕರೆಂಟಿನ ಕಂಬ ಹೋಗಿಲ್ಲ. ಅಲ್ಲಿಂದ ನಡೆದುಕೊಂಡು ನಮ್ಮ ಶಾಲೆಗೆ ಬರುವ ಮಕ್ಕಳಿದ್ದಾರೆ. ಈ ಮಹೋತ್ಸವದ ನೆನಪಿಗೆ ಅಲ್ಲೊಂದು ಗಾಳಿಯಂತ್ರ ನಿಲ್ಲಿಸೋಣ ಎಂದು ನಾವು ಹಳೆಯ ವಿದ್ಯಾರ್ಥಿಗಳು ಮಾತಾಡಿಕೊಂಡಿದ್ದೇವೆ. ಹಣ ಕೂಡಿಸುವ ಮೊದಲು ಎರಡು ಮಾತು ಹೇಳುತ್ತೇನೆ.

ಮೊದಲನೆಯದು ಲೆಕ್ಕದ ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ರೆಕ್ಕೆಗಳ ವ್ಯಾಸ 2 ಮೀಟರ್ ಇರುವ ಯಂತ್ರ, ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 120 ವ್ಯಾಟ್ ಕೊಟ್ಟರೆ, 3 ಮೀಟರ್ ವೇಗದಲ್ಲಿ 15 ವ್ಯಾಟ್ ಕೊಡುತ್ತದೆ. ಅದು ಎರಡು ಎಲ್‌ಇಡಿ ಬಲ್ಬಿಗೆ ಸಾಕು, ಅಷ್ಟೆ. ಆಷಾಢದ ಗಾಳಿ ನೋಡಿ ಇಡೀ ವರ್ಷದ ಲೆಕ್ಕ ಹಾಕಬಾರದು. ಮೋಡ ಕವಿದ ಮಳೆಗಾಲದಲ್ಲಿ ಸೋಲಾರ್ ಸೊರಗುತ್ತದೆ, ಬಿಸಿಲಿನ ದಿನಗಳಲ್ಲಿ ಗಾಳಿ ಕೈಕೊಡಬಹುದು. ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸುವುದು ಜಾಣತನ.

ಎರಡನೆಯದು ನೋಡಿಕೊಳ್ಳುವವರ ಮಾತು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಎಗ್ ಎಂಬ ದ್ವೀಪವಿದೆ. ಜನಸಂಖ್ಯೆ ನೂರರ ಆಸುಪಾಸು. ಹೊರಗಿನಿಂದ ವಿದ್ಯುತ್ ತಂತಿ ಬಂದಿಲ್ಲ. 2008ರವರೆಗೆ ಹೆಚ್ಚಿನ ಮನೆಗಳಿಗೆ ಡೀಸೆಲ್ ಜನರೇಟರೇ ಗತಿ. ಆ ವರ್ಷ ಅವರು ನೀರು, ಬಿಸಿಲು, ಗಾಳಿ ಮೂರನ್ನೂ ಸೇರಿಸಿ ತಮ್ಮದೇ ವಿದ್ಯುತ್ ಜಾಲ ಮಾಡಿಕೊಂಡರು. ಗಾಳಿಯ ಪಾಲು 6 ಕಿಲೋವ್ಯಾಟಿನ ನಾಲ್ಕು ಯಂತ್ರಗಳು. ಒಂದು ಮನೆ ಒಮ್ಮೆಗೆ 5 ಕಿಲೋವ್ಯಾಟಿಗಿಂತ ಹೆಚ್ಚು ಬಳಸುವಂತಿಲ್ಲ, ಬಳಸಿದರೆ ಕರೆಂಟು ಕಡಿತ. ಬ್ಯಾಟರಿ ತುಂಬಿ ಉಳಿದ ವಿದ್ಯುತ್ತಿನಿಂದ ಸಮುದಾಯದ ಕಟ್ಟಡಗಳನ್ನು ಬೆಚ್ಚಗಿಡುತ್ತಾರೆ. ದಿನದ ನಿರ್ವಹಣೆ ತರಬೇತಿ ಪಡೆದ ದ್ವೀಪದವರದ್ದೇ.

ನಾವು ಎಡವಿದ್ದು ಇಲ್ಲೇ. ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾಚಿನವರು ಈ ಶಾಲೆಗೆ ಯುಪಿಎಸ್ ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋದೆವು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ಯಾರಿಗೂ ಹೇಳಿಕೊಡಲಿಲ್ಲ. ಎರಡನೇ ವರ್ಷಕ್ಕೆ ಅದು ಮೂಲೆ ಸೇರಿತು. ತಪ್ಪು ನಮ್ಮದೇ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮೊದಲು ಹಟ್ಟಿಯವರನ್ನೇ ಕೇಳೋಣ, ಅವರಿಗೆ ಎಷ್ಟು ದೀಪ ಬೇಕು, ಯಾವ ಹೊತ್ತಿಗೆ ಬೇಕು ಎಂದು. ಗಾಳಿ ಅಳೆಯುವ ಮಾಪಕ ನಾನು ಕೊಡಿಸುತ್ತೇನೆ. ಅದನ್ನು ಹಟ್ಟಿಯಲ್ಲಿ ಎತ್ತರದ ಕಂಬಕ್ಕೆ ಕಟ್ಟೋಣ. ಅಲ್ಲಿಂದ ಬರುವ ಮಕ್ಕಳು ಬೆಳಿಗ್ಗೆ, ಸಂಜೆ ಅಳತೆ ಬರೆದು ವಿಜ್ಞಾನ ಮೇಷ್ಟ್ರಿಗೆ ಒಪ್ಪಿಸಲಿ. ಒಂದು ವರ್ಷ ಹೀಗೆ ನಡೆಯಲಿ. ಗಾಳಿ ಸಾಲದೆಂದು ತಿಳಿದರೆ ಯಂತ್ರದ ಆಸೆ ಬಿಟ್ಟು ಸೋಲಾರ್ ಮಾತ್ರ ಹಾಕೋಣ. ಹಟ್ಟಿಯ ಇಬ್ಬರಿಗೆ ರಿಪೇರಿ ಕಲಿಸೋಣ. ಮುಂದೆ ಬ್ಯಾಟರಿ ಬದಲಿಸುವ ಹಣವನ್ನು ಇಂದೇ ತೆಗೆದಿಡೋಣ.

ಶಿಲಾಫಲಕದ ಅವಸರ ಬೇಡ. ಐದನೇ ವರ್ಷವೂ ಆ ಮನೆಗಳ ಮಕ್ಕಳು ದೀಪದ ಬೆಳಕಿನಲ್ಲಿ ಓದುತ್ತಿದ್ದರೆ ಆಗ ಹಾಕಿಸೋಣ.