ಬೆಂಗಳೂರು ದಕ್ಷಿಣದ ಮತಪೆಟ್ಟಿಗೆ
(ಚಾಮರಾಜಪೇಟೆಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಅಂಗಡಿಯ ಬಾಗಿಲೆಳೆದು ಬಂದವರು, ಪಾಳಿ ಮುಗಿಸಿ ಬಂದವರು, ಗಿರಣಿ ಮುಚ್ಚಿದ ಮೇಲೆ ಯಾವ ಪಾಳಿಯೂ ಇಲ್ಲದೆ ಬಂದವರು, ಎಲ್ಲರೂ ಇಲ್ಲಿದ್ದೀರಿ. ಚುನಾವಣೆಯ ಕಾಲದಲ್ಲಿ ಭಾಷಣಕ್ಕೇನೂ ಕೊರತೆಯಿರುವುದಿಲ್ಲ. ಚುನಾವಣೆ ಇಲ್ಲದ ಕಾಲದಲ್ಲಿ ಕೂತು ಹಿಂದಿನ ಲೆಕ್ಕ ನೋಡುವವರು ಕಡಮೆ. ಅಂಗಡಿಯವರು ದೀಪಾವಳಿಗೆ ಹಳೆಯ ಖಾತೆ ತಿರುವಿ ನೋಡುವಂತೆ, ನಾವು ಈ ಹೊತ್ತು ನಮ್ಮ ಪಾರ್ಲಿಮೆಂಟು ಕ್ಷೇತ್ರದ ಖಾತೆಯನ್ನು ತಿರುವಿ ನೋಡೋಣ. ಯಾರು ಗೆದ್ದರು, ಯಾರು ಸೋತರು ಎಂಬುದಕ್ಕಿಂತ, ನಮ್ಮ ಮತಕ್ಕೆ ಯಾವಾಗ ಬೆಲೆ ಇತ್ತು, ಯಾವಾಗ ಇಲ್ಲವಾಯಿತು ಎಂಬುದೇ ನಮಗೆ ಮುಖ್ಯ.

ನಾವು ನಿಂತಿರುವ ಈ ಚಾಮರಾಜಪೇಟೆ 1892ರಲ್ಲಿ ಪೇಟೆಯ ಆಚೆಗೆ ಹಾಕಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕೂಸುಗಳು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ ಸರ್ಕಾರ ಊರ ಹೊರಗೆ ಅಗಲವಾದ ಬೀದಿಗಳನ್ನು ಹಾಕಿಸಿತು. ಅನುಕೂಲವಿದ್ದವರು ಆ ಬೀದಿಗಳಿಗೆ ಬಂದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳ ಸುತ್ತ ಕೂಲಿಯವರ ಸಾಲು ಮನೆಗಳು ಎದ್ದವು. ಈ ಮೂರು ಬಗೆಯ ಜನ, ಅಂದರೆ ನೌಕರಿಯ ಬಡಾವಣೆಯವರು, ವ್ಯಾಪಾರದ ಪೇಟೆಯವರು, ಗಿರಣಿಯ ಸಾಲುಮನೆಯವರು, ಇವರೇ ಈ ಭಾಗದ ಹಳೆಯ ಮತದಾರರು.

1952ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಓದು ಬಾರದ ಮುದುಕಿಯೂ ತನಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬಂದಳು. ಆಗ ಬೆಂಗಳೂರು ಉತ್ತರದಿಂದ ಶ್ರೀ ಎನ್. ಕೇಶವ ಅಯ್ಯಂಗಾರ್, ದಕ್ಷಿಣದಿಂದ ಶ್ರೀ ಟಿ. ಮಾದಯ್ಯ ಗೌಡರು ಗೆದ್ದರು. ಇಬ್ಬರೂ ಕಾಂಗ್ರೆಸ್ಸಿನವರು. 1957ರಲ್ಲಿ ಬೆಂಗಳೂರು ನಗರವೆಂಬ ಕ್ಷೇತ್ರವಾಯಿತು, ಕೇಶವ ಅಯ್ಯಂಗಾರರೇ ಮತ್ತೆ ಹೋದರು. 1962, 1967, 1971, ಈ ಮೂರು ಸಲವೂ ನಗರ ಶ್ರೀ ಕೆ. ಹನುಮಂತಯ್ಯನವರನ್ನು ಕಳುಹಿಸಿತು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ, ಆಮೇಲೆ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು, ಆಮೇಲೆ ರೈಲ್ವೆ ಮಂತ್ರಿ. ದೊಡ್ಡ ಆಳು. ಆದರೆ ನಿಜ ಹೇಳಬೇಕೆಂದರೆ ಆ ಇಪ್ಪತ್ತು ವರ್ಷ ಇಲ್ಲಿ ಚುನಾವಣೆಯೆಂದರೆ ಕಾಂಗ್ರೆಸ್ಸಿನವರು ಯಾರನ್ನು ನಿಲ್ಲಿಸುತ್ತಾರೆ ಎಂಬುದಷ್ಟೇ ಆಗಿತ್ತು. 1971ರಲ್ಲಂತೂ ರಾಜ್ಯದ 27 ಸ್ಥಾನಗಳಿಗೆ 27ನ್ನೂ ಇಂದಿರಾ ಕಾಂಗ್ರೆಸ್ಸು ಬಾಚಿಕೊಂಡಿತು.

ಈಗ 1977ಕ್ಕೆ ಬರೋಣ. ನಾವು ನಿಧಾನವಾಗಿ ನೋಡಬೇಕಾದದ್ದು ಇದನ್ನೇ.

ಆ ವರ್ಷ ಉತ್ತರ ಹಿಂದೂಸ್ಥಾನದಲ್ಲಿ ಕಾಂಗ್ರೆಸ್ಸು ತರಗೆಲೆಯಂತೆ ಉದುರಿತು. ಆದರೆ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಅದಕ್ಕೇ ಸಿಕ್ಕವು. ಜನತಾ ಪಕ್ಷಕ್ಕೆ ಸಿಕ್ಕದ್ದು ಎರಡೇ. ಆ ಎರಡರಲ್ಲೊಂದು ಬೆಂಗಳೂರು ದಕ್ಷಿಣ. ರಾಜ್ಯವೆಲ್ಲ ಒಂದು ಕಡೆ ಹರಿದಾಗ ಈ ಕ್ಷೇತ್ರ ಇನ್ನೊಂದು ಕಡೆ ಏಕೆ ತಿರುಗಿತು?

ಹಳ್ಳಿಯ ಗೇಣಿದಾರನಿಗೆ ಶ್ರೀ ದೇವರಾಜ ಅರಸರ 1974ರ ಭೂಸುಧಾರಣಾ ಕಾನೂನಿನಿಂದ ಉತ್ತ ನೆಲ ಕೈಗೆ ಬರುವ ದಾರಿಯಾಗಿತ್ತು. ಹಿಂದುಳಿದವರಿಗೆ 1975ರ ಹಾವನೂರು ವರದಿ ಆಸೆ ಹುಟ್ಟಿಸಿತ್ತು. ಅವರು ಕಾಂಗ್ರೆಸ್ಸಿಗೆ ಮತ ಹಾಕಿದರೆ ಅದರಲ್ಲಿ ತಪ್ಪೇನು? ಉಪಕಾರ ಕಂಡವರು ಮತ ಕೊಟ್ಟರು. ಆದರೆ ಬಸವನಗುಡಿಯಲ್ಲಿ ಹಂಚಲು ನೆಲವಿರಲಿಲ್ಲ. ಬಿನ್ನಿಪೇಟೆಯ ನೂಲುಗಾರನಿಗೆ ತುರ್ತು ಪರಿಸ್ಥಿತಿ ಏನು ಕೊಟ್ಟಿತು? ಬೋನಸ್ಸಿನ ಕನಿಷ್ಠ ಮಟ್ಟ ನೂರಕ್ಕೆ 8.33 ಇದ್ದದ್ದನ್ನು 1975ರ ಸುಗ್ರೀವಾಜ್ಞೆಯಲ್ಲಿ ನೂರಕ್ಕೆ 4ಕ್ಕೆ ಇಳಿಸಿತು. ಹೆಚ್ಚಿದ ತುಟ್ಟಿಭತ್ಯದ ಅರ್ಧವನ್ನು ಕಡ್ಡಾಯ ಠೇವಣಿಯೆಂದು ಹಿಡಿದಿಡುವ ಕಾನೂನು 1974ರಲ್ಲೇ ಬಂದಿತ್ತು. ಮುಷ್ಕರ ಹೂಡಿದರೆ ಜೈಲು. ಹಬ್ಬದ ಬೋನಸ್ಸು ಅರ್ಧವಾದರೆ ಗಿರಣಿಯವನ ಮನೆಗೆ ಮಾತ್ರ ನಷ್ಟವಲ್ಲ, ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಗೂ ನಷ್ಟ. ಕೂಲಿಯವನ ಕಷ್ಟ ಮತ್ತು ಸಣ್ಣ ವರ್ತಕನ ಕಷ್ಟ ಒಂದೇ ಹಗ್ಗದ ಎರಡು ಎಳೆ ಎಂದು ನಾವು ಹೇಳುತ್ತ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ.

ಅದರ ಮೇಲೆ ಜೈಲು ನಮ್ಮ ಕಣ್ಣೆದುರಿಗೇ ಇತ್ತು. 1975ರ ಜೂನ್ 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲೇ ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿನಲ್ಲೇ ಇಟ್ಟರು. ಸಮಾಜವಾದಿ ಗೆಳೆಯರ ಬಳಗದ ಸ್ನೇಹಲತಾ ರೆಡ್ಡಿ, ಆಸ್ತಮಾ ಇದ್ದ ಹೆಂಗಸು, ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಈಗ ಆ ಜೈಲಿನ ಜಾಗಕ್ಕೆ ಫ್ರೀಡಂ ಪಾರ್ಕ್ ಎಂದು ಹೆಸರು. ನಮ್ಮ ಧರಣಿಗಳಿಗೆ ಪೊಲೀಸರು ಅಲ್ಲಿಯೇ ಜಾಗ ತೋರಿಸುತ್ತಾರೆ. ಜೈಲಿದ್ದ ಜಾಗದೊಳಗೇ ನಿಂತು ಸ್ವಾತಂತ್ರ್ಯ ಕೂಗಬೇಕಾದ ತಮಾಷೆ ನೋಡಿ.

ಹನುಮಂತಯ್ಯನವರ ಎದುರಿಗೆ ಜನತಾ ಪಕ್ಷ ನಿಲ್ಲಿಸಿದ್ದು ಶ್ರೀ ಕೆ. ಎಸ್. ಹೆಗ್ಡೆಯವರನ್ನು. ಕಾರ್ಕಳದ ಕಡೆಯ ಕೌಡೂರಿನವರು. ಹಿಂದೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಯಲ್ಲಿದ್ದು, ಆಮೇಲೆ ನ್ಯಾಯಾಧೀಶರಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವರು. 1973ರಲ್ಲಿ ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಚೌಕಟ್ಟನ್ನು ಪಾರ್ಲಿಮೆಂಟೂ ಮುರಿಯಲಾಗದು ಎಂದ ನ್ಯಾಯಾಧೀಶರಲ್ಲಿ ಒಬ್ಬರು. ತೀರ್ಪು ಬಂದ ಮರುದಿನವೇ ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು. ಮೂವರೂ ರಾಜೀನಾಮೆ ಬಿಸಾಕಿ ಬಂದರು. ಅಂಥವರನ್ನು ಈ ಕ್ಷೇತ್ರ ಗೆಲ್ಲಿಸಿತು. ಅದೇ ವರ್ಷ ಜುಲೈಯಲ್ಲಿ ಅವರು ಲೋಕಸಭೆಯ ಸ್ಪೀಕರಾದರು. ಅವರು ನಮ್ಮ ಪಂಥದವರಲ್ಲ. ಮುಂದೆ ಅವರು ಸೇರಿದ್ದು ಭಾರತೀಯ ಜನತಾ ಪಕ್ಷವನ್ನು. ಆದರೂ ಆ ಮತ ಸರಿಯಾದ ಮತವೆಂದೇ ನಮ್ಮ ಅಭಿಪ್ರಾಯ. ಬೋನಸ್ಸಿನ ಕನಿಷ್ಠ ಮಟ್ಟ ಆ ವರ್ಷವೇ 8.33ಕ್ಕೆ ಮರಳಿತು. ಮತಕ್ಕೆ ಬೆಲೆ ಇತ್ತೆಂದರೆ ಹೀಗೆ.

ಇಲ್ಲೊಂದು ಸಣ್ಣ ಸಂಗತಿ ಸೇರಿಸುತ್ತೇವೆ. ಆ ಮೂಲ ಚೌಕಟ್ಟಿನ ವಾದವನ್ನು ಸುಪ್ರೀಂ ಕೋರ್ಟು 1980ರಲ್ಲಿ ಮತ್ತೆ ಗಟ್ಟಿಮಾಡಿತಷ್ಟೆ. ಆ ಮೊಕದ್ದಮೆಯ ಹೆಸರು ಏನು ಗೊತ್ತೇ? ಮಿನರ್ವ ಮಿಲ್ಸ್. ನಮ್ಮದೇ ಮಿನರ್ವ ಗಿರಣಿ. ಅದನ್ನು ಕೇಂದ್ರ ಸರ್ಕಾರ ವಶಕ್ಕೆ ತೆಗೆದುಕೊಂಡದ್ದರ ಮೇಲೆ ಮಾಲೀಕರು ಹೂಡಿದ ದಾವೆ. ಕಾನೂನು ಓದುವ ಹುಡುಗರೆಲ್ಲ ಇವತ್ತೂ ಆ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅಲ್ಲಿ ನೂಲು ತೆಗೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1980ರಲ್ಲಿ ಗಾಳಿ ಮತ್ತೆ ತಿರುಗಿ ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27 ಬಂದವು. ಉಳಿದ ಆ ಒಂದು ಯಾವುದು? ಬೆಂಗಳೂರು ದಕ್ಷಿಣ. ಗೆದ್ದವರು ಶ್ರೀ ಟಿ. ಆರ್. ಶಾಮಣ್ಣನವರು. ಸೈಕಲ್ಲಿನ ಮೇಲೆ ಓಡಾಡುತ್ತಿದ್ದ, ಸರಳತೆಗೆ ಹೆಸರಾದ ಮನುಷ್ಯ. ಬಸವನಗುಡಿಯ ಹಿರಿಯರನ್ನು ಈಗಲೂ ಕೇಳಿ, ಮೊದಲು ಸೈಕಲ್ಲನ್ನು ನೆನೆಯುತ್ತಾರೆ, ಆಮೇಲೆ ಪಕ್ಷವನ್ನು. 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ಮರುಕದಲ್ಲಿ ಕಾಂಗ್ರೆಸ್ಸಿಗೆ 24 ಸ್ಥಾನ, ಜನತಾ ಪಕ್ಷಕ್ಕೆ ನಾಲ್ಕೇ. ಆ ನಾಲ್ಕರಲ್ಲೂ ಬೆಂಗಳೂರು ದಕ್ಷಿಣವಿತ್ತು. ಗೆದ್ದವರು ಸ್ವಾತಂತ್ರ್ಯ ಹೋರಾಟಗಾರ ಶ್ರೀ ವಿ. ಎಸ್. ಕೃಷ್ಣ ಅಯ್ಯರ್. ಪಕ್ಕದ ಬೆಂಗಳೂರು ಉತ್ತರದಲ್ಲಿ ಅದೇ ಸಲ ನಮ್ಮ ಜಾರ್ಜ್ ಫರ್ನಾಂಡಿಸರು ನಿಂತು, ಶ್ರೀ ಸಿ. ಕೆ. ಜಾಫರ್ ಷರೀಫರ ಎದುರು ಸೋತರು. 1974ರಲ್ಲಿ ರೈಲ್ವೆ ಮುಷ್ಕರ ನಡೆಸಿದವರನ್ನು ಮಲ್ಲೇಶ್ವರದ ಕಡೆಯ ಕ್ಷೇತ್ರ ಒಪ್ಪಲಿಲ್ಲ. ನಮಗೆ ಆ ಸೋಲು ಬಹಳ ದಿನ ನೋವು ಕೊಟ್ಟಿತು. ಸುಮ್ಮನೆ ಮುಚ್ಚಿಡುವುದು ಬೇಡ.

ಮೂರು ಸಲ ಪ್ರವಾಹಕ್ಕೆ ಎದುರು ಈಜಿದ ಈ ಕ್ಷೇತ್ರ 1989ರಲ್ಲಿ ಏನು ಮಾಡಿತು? ಶ್ರೀ ಆರ್. ಗುಂಡೂರಾಯರನ್ನು ಗೆಲ್ಲಿಸಿತು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿತ್ತು. ಅದೇ ಕಾಲದಲ್ಲೇ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಮಿಕರು 1980ರ ಡಿಸೆಂಬರಿನಿಂದ 77 ದಿನ ಮುಷ್ಕರ ಹೂಡಿ ಬರಿಗೈಲಿ ಮರಳಿದ್ದರು. ಅದನ್ನೆಲ್ಲ ಒಂಬತ್ತು ವರ್ಷದಲ್ಲಿ ಮರೆತೆವೇ? ಮರೆತದ್ದಲ್ಲ ಮಿತ್ರರೇ, ಬೇಸತ್ತದ್ದು. 1988ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಟೆಲಿಫೋನ್ ಕದ್ದಾಲಿಕೆಯ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. ಜನತಾ ಪರಿವಾರ ಒಡೆದು ಎರಡಾಯಿತು. ನಮ್ಮವರು ನಮ್ಮವರನ್ನೇ ಬೈಯುತ್ತ ತಿರುಗಿದರು. ಮನೆಯೊಳಗೆ ಜಗಳವಾಡುವ ಅಣ್ಣತಮ್ಮಂದಿರ ಅಂಗಡಿಗೆ ಗಿರಾಕಿ ಎಷ್ಟು ದಿನ ಬಂದಾನು? ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಆ ಸಲವೂ 27.

1991ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಶ್ರೀ ಕೆ. ವೆಂಕಟಗಿರಿ ಗೌಡರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಅಲ್ಲಿಂದಾಚೆಗೆ ಬೇರೆ ಗುರುತು ಇಲ್ಲಿ ಗೆದ್ದಿಲ್ಲ. 1996ರಿಂದ 2014ರವರೆಗೆ ಆರು ಸಲ ಶ್ರೀ ಅನಂತಕುಮಾರ್. ಜನತಾದಳ ರಾಜ್ಯದಲ್ಲಿ 16 ಸ್ಥಾನ ಗೆದ್ದು ದೇವೇಗೌಡರು ಪ್ರಧಾನಿಯಾದ 1996ರಲ್ಲೂ, ಕಾಂಗ್ರೆಸ್ಸು 18 ಗೆದ್ದ 1999ರಲ್ಲೂ ಈ ಕ್ಷೇತ್ರ ಕದಲಲಿಲ್ಲ. 2014ರಲ್ಲಿ ಕಾಂಗ್ರೆಸ್ಸು ಇನ್ಫೋಸಿಸ್ಸಿನ ಶ್ರೀ ನಂದನ್ ನಿಲೇಕಣಿಯವರನ್ನು ತಂದು ನಿಲ್ಲಿಸಿತು. ಅವರು ಘೋಷಿಸಿದ ಆಸ್ತಿ ಸುಮಾರು 7,700 ಕೋಟಿ ರೂಪಾಯಿ. ಸೈಕಲ್ಲಿನ ಶಾಮಣ್ಣನವರ ಕ್ಷೇತ್ರದಲ್ಲಿ! ಸೋತದ್ದು 2,28,575 ಮತಗಳಿಂದ. ಕೋಟಿಗಳಿಂದ ಈ ಕ್ಷೇತ್ರವನ್ನು ಕೊಳ್ಳಲಾಗದು ಎಂಬುದಾದರೂ ತಿಳಿಯಿತು. 2018ರ ನವೆಂಬರಿನಲ್ಲಿ ಅನಂತಕುಮಾರ್ ತೀರಿಕೊಂಡ ಮೇಲೆ, 2019ರಲ್ಲಿ ಶ್ರೀ ತೇಜಸ್ವಿ ಸೂರ್ಯ 3,31,192 ಮತಗಳ ಅಂತರದಿಂದ, 2024ರಲ್ಲಿ ಶ್ರೀಮತಿ ಸೌಮ್ಯಾ ರೆಡ್ಡಿಯವರೆದುರು 2,77,083 ಮತಗಳ ಅಂತರದಿಂದ ಗೆದ್ದರು. 1991ರಿಂದ ಎಣಿಸಿದರೆ ಒಂಬತ್ತು ಚುನಾವಣೆ, ಒಂದೇ ಗುರುತು.

ಗೆದ್ದವರು ನ್ಯಾಯವಾಗಿ ಗೆದ್ದಿದ್ದಾರೆ. ಜನರನ್ನು ಬೈಯುವ ಚಾಳಿ ನಮಗೆ ಬೇಡ. ನಾವು ಕೇಳುವ ಪ್ರಶ್ನೆ ಬೇರೆ. 1977ರಲ್ಲಿ ಹೀಗೆ ಮತ ಹಾಕಿದ ಗಿರಣಿಯವನು ಎಲ್ಲಿ ಹೋದ? ಗಿರಣಿಗಳು ಮುಚ್ಚಿದವು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲು, ಬಿನ್ನಿ ಮಿಲ್ಲಿನ ಜಾಗದಲ್ಲಿ ಮಾಲು ಮತ್ತು ಮಹಡಿ ಮನೆಗಳು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಬಿನ್ನಿಪೇಟೆಯೆಂಬ ವಿಧಾನಸಭಾ ಕ್ಷೇತ್ರದ ಹೆಸರೇ ಅಳಿಸಿಹೋಯಿತು. ಈ ಚಾಮರಾಜಪೇಟೆ ಹೊಸದಾಗಿ ಹುಟ್ಟಿದ ಬೆಂಗಳೂರು ಕೇಂದ್ರಕ್ಕೆ ಸೇರಿತು. ಬಸವನಗುಡಿ, ಚಿಕ್ಕಪೇಟೆ, ಜಯನಗರ, ಪದ್ಮನಾಭನಗರ, ವಿಜಯನಗರ, ಗೋವಿಂದರಾಜನಗರ, ಬಿಟಿಎಂ ಬಡಾವಣೆ, ಬೊಮ್ಮನಹಳ್ಳಿ, ಈ ಎಂಟು ದಕ್ಷಿಣದಲ್ಲಿವೆ. ರಸ್ತೆಯ ಈಚೆಗೆ ಒಂದು ಕ್ಷೇತ್ರ, ಆಚೆಗೆ ಇನ್ನೊಂದು. ಒಂದೇ ಸಂತೆಯ ವರ್ತಕರು ಎರಡು ಪಾರ್ಲಿಮೆಂಟು ಸದಸ್ಯರ ಬಾಗಿಲು ಕಾಯಬೇಕು.

ಹಾಗಾದರೆ ಇಲ್ಲಿ ದುಡಿಯುವವರು ಇಲ್ಲವೇ? ಬೊಮ್ಮನಹಳ್ಳಿಗೆ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ. 2016ರ ಏಪ್ರಿಲಿನಲ್ಲಿ ಗಾರ್ಮೆಂಟ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದದ್ದು ನಿಮಗೆ ನೆನಪಿದೆ. ಮಾಲೀಕರು ಕಟ್ಟಿದ ಭವಿಷ್ಯನಿಧಿಯ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಯಾವ ಧುರೀಣನೂ ಮುಂದಿರಲಿಲ್ಲ, ನಾವೂ ಇರಲಿಲ್ಲ. ಎರಡು ದಿನ ಊರು ನಿಂತಿತು. ಲಾಠಿ ಬಿತ್ತು, ಬಸ್ಸು ಸುಟ್ಟವು, ಅದನ್ನು ನಾವು ಒಪ್ಪುವುದಿಲ್ಲ. ಆದರೆ ಎರಡನೆಯ ದಿನವೇ ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಅದರ ಲಾಭವಾಯಿತು. ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯ ಹೆಸರು ಮತದಾರರ ಪಟ್ಟಿಯಲ್ಲಿ ಇರುವುದು ಇಲ್ಲಲ್ಲ, ಮಂಡ್ಯ, ರಾಮನಗರದ ಕಡೆಯ ತಮ್ಮ ಹಳ್ಳಿಗಳಲ್ಲಿ. ಬೀದಿಯಲ್ಲಿ ಸರ್ಕಾರವನ್ನು ಬಗ್ಗಿಸಿದವರು ಮತಗಟ್ಟೆಯ ಲೆಕ್ಕಕ್ಕೆ ಇಲ್ಲ.

ಇನ್ನುಳಿದವರ ಲೆಕ್ಕ ಕೇಳಿ. 20 ಲಕ್ಷಕ್ಕೂ ಮೀರಿ ಮತದಾರರಿರುವ ಈ ಕ್ಷೇತ್ರದಲ್ಲಿ 2019ರಲ್ಲೂ, 2024ರಲ್ಲೂ ಮತ ಹಾಕಿದವರು ನೂರಕ್ಕೆ ಸುಮಾರು 53. 2019ರಲ್ಲಿ ಮತದಾನ ಗುರುವಾರ, ಮರುದಿನ ಗುಡ್ ಫ್ರೈಡೆ ರಜೆ. 2024ರಲ್ಲಿ ಶುಕ್ರವಾರ. ಕಾರಿದ್ದವರು ಊರು ಬಿಟ್ಟರೆಂದು ಪತ್ರಿಕೆಗಳು ಬರೆಯುತ್ತವೆ. ಕಾರಿಲ್ಲದವರು ಏಕೆ ಹೋಗಲಿಲ್ಲ ಎಂದು ಯಾರೂ ಬರೆಯುವುದಿಲ್ಲ. ಅಂಗಡಿಯಲ್ಲಿ ಸಂಬಳಕ್ಕಿರುವ ಹುಡುಗನಿಗೆ ರಜೆ ಕೊಟ್ಟಿದ್ದೇವೆಯೇ? ಇಲ್ಲಿ ಕೂತಿರುವ ವರ್ತಕ ಬಂಧುಗಳನ್ನೇ ಕೇಳುತ್ತೇವೆ, ಕೋಪ ಬೇಡ. ಜನಪ್ರತಿನಿಧಿ ಕಾನೂನಿನ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳದೊಡನೆ ರಜೆ ಕೊಡಲೇಬೇಕು, ದಿನಗೂಲಿಯವನಿಗೂ ಕೂಲಿ ಕಟ್ಟಿಕೊಡಬೇಕು. ಕೊಡದಿದ್ದರೆ ದಂಡ ಹೆಚ್ಚೆಂದರೆ 500 ರೂಪಾಯಿ. ಅಷ್ಟೇ ಬೆಲೆ ಎಂದು ಕಾನೂನು ಮಾಡಿದವರು ಎಣಿಸಿದರು, ಏನು ಮಾಡುವುದು.

ಬಾಡಿಗೆ ಮನೆಯವರಿಗೆ, ಶೆಡ್ಡಿನಲ್ಲಿರುವವರಿಗೆ ಹೆಸರು ಸೇರಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ಮನೆ ಬೇಕೆಂದು ಕಾನೂನಿನಲ್ಲಿಲ್ಲ, ಮಾಮೂಲಾಗಿ ವಾಸವಿದ್ದರೆ ಸಾಕು. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಎರಡನ್ನೂ ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಬರೆಯಲು ಬಾರದವರಿಗೆ ಬರೆದುಕೊಡಲು ಮೂರು ಹುಡುಗರು ಕೂತಿದ್ದಾರೆ. ಒಂದೊಂದು ಮನೆಗೆ ಎಷ್ಟು ಬೇಕೋ ಅಷ್ಟು ತೆಗೆದುಕೊಂಡು ಹೋಗಿ, ಪಕ್ಕದ ಮನೆಯವರಿಗೂ ಒಯ್ಯಿರಿ.