ಎಣಿಕೆಗೆ ಸಿಗದ ದೂರುಗಳು

ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಮಾತಾಡುವ ಎಳೆಯ ಗೆಳೆಯ ಗೆಳತಿಯರೇ, ಈ ಮಾತು ವಿಶೇಷವಾಗಿ ನಿಮಗೆ. ಕನ್ನಡ ಎಂ.ಎ. ಓದಿದ ಗೃಹಿಣಿಗೂ ಸಾಫ್ಟ್‌ವೇರ್ ಇಶ್ಯೂ ಟ್ರ್ಯಾಕರ್‌ಗೂ ಏನು ನಂಟು ಅಂತೀರಾ? ಇದೆ, ಹೇಳುತ್ತೇನೆ.

ಸಾಫ್ಟ್‌ವೇರ್‌ನಲ್ಲಿ ಏನಾದರೂ ಕೆಟ್ಟಿದ್ದರೆ, ಹೊಸದೇನಾದರೂ ಬೇಕಿದ್ದರೆ ಬರೆದಿಡುವ ದೂರಿನ ಪುಸ್ತಕವೇ ಇಶ್ಯೂ ಟ್ರ್ಯಾಕರ್. ಪ್ರತಿ ದೂರಿಗೂ ಒಂದು ನಂಬರು, ಒಂದು ತಾರೀಖು. 1998ರಲ್ಲಿ ಬಂದ ಮೊಝಿಲ್ಲಾದ ಬಗ್‌ಜಿಲ್ಲಾದಲ್ಲಿ ಬಹುತೇಕ ದೂರುಗಳನ್ನು ಯಾರು ಬೇಕಾದರೂ ಓದಬಹುದು. ಹಾಗಾಗಿ ಎಣಿಸುವುದೂ ಸುಲಭ. ತಿಂಗಳಿಗೆ ಎಷ್ಟು ದೂರು ಬಂತು, ಎಷ್ಟು ಮುಗಿಯಿತು, ಮೊದಲ ಉತ್ತರಕ್ಕೆ ಎಷ್ಟು ದಿನ ಹಿಡಿಯಿತು? ಲಿನಕ್ಸ್ ಫೌಂಡೇಶನ್‌ನ ಆಸರೆಯಲ್ಲಿ 2017ರಲ್ಲಿ ಶುರುವಾದ ಕೇಯಾಸ್ ಯೋಜನೆ ಇಂಥ ಅಳತೆಗಳನ್ನೇ ವಿವರಿಸಿಡುತ್ತದೆ.

ಆದರೆ ಅಂಕಿ ಓದಲು ಜಾಣತನ ಬೇಕು. ಐದು ದೂರುಗಳಿಗೆ 1, 1, 2, 3, 93 ದಿನಗಳಲ್ಲಿ ಉತ್ತರ ಬಂತು ಅನ್ನಿ. ಸರಾಸರಿ 20 ದಿನ. ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದರೆ 2 ದಿನ. ಸರಾಸರಿ ಮಾತ್ರ ನೋಡಿದವರು ‘ಇವರು ಸೋಮಾರಿಗಳು’ ಅನ್ನುತ್ತಾರೆ. ನಡುವಿನದನ್ನು ಮಾತ್ರ ನೋಡಿದವರು 93 ದಿನ ಕಾದವರನ್ನು ಮರೆಯುತ್ತಾರೆ. ಎರಡನ್ನೂ ನೋಡಬೇಕು.

ಇನ್ನೊಂದು ಅಪಾಯ. ಎಷ್ಟೋ ಯೋಜನೆಗಳಲ್ಲಿ, ಯಾರೂ ಮಾತಾಡದ ದೂರನ್ನು ಇಷ್ಟು ದಿನದ ಮೇಲೆ ಒಂದು ಬಾಟ್ ತಾನೇ ಮುಚ್ಚಿಬಿಡುತ್ತದೆ. ಪಾಪ, ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರಿಗೆ ಅದರಿಂದ ಹೊರೆ ಇಳಿಯುತ್ತದೆ, ನಿಜ. ಮುಚ್ಚಿದ ದೂರುಗಳ ಸಂಖ್ಯೆಯೂ ಏರುತ್ತದೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ! 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ತಿದ್ದುಪಡಿ ಕಳಿಸಿದರೆ ಟೀ ಶರ್ಟ್ ಅಂದಾಗ, ಉಪಯೋಗಕ್ಕೆ ಬಾರದ ತಿದ್ದುಪಡಿಗಳು ರಾಶಿ ಬಿದ್ದವು. ಕೊನೆಗೆ ನಿಯಮವನ್ನೇ ಬದಲಿಸಬೇಕಾಯಿತು. ಎಣಿಕೆಗೆ ಬಹುಮಾನ ಇಟ್ಟರೆ ಎಣಿಕೆಯಷ್ಟೇ ಬೆಳೆಯುತ್ತದೆ.

ಈಗ ನಂಟಿನ ಮಾತು. ಪರದೆಯ ಮೇಲೆ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ ಅನ್ನಿ. ಅದನ್ನು ದೂರುವವರು ಎಷ್ಟು ಜನ? ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿಗೆ ಬದಲಿಸಿಕೊಂಡು ಸುಮ್ಮನಾಗುತ್ತೇವೆ. ಯಾರೋ ಒಬ್ಬರು ಬರೆದರೂ ‘ನನಗೂ ಹೀಗೇ ಆಗುತ್ತಿದೆ’ ಅನ್ನುವವರಿಲ್ಲ. ಆ ದೂರು ಪಟ್ಟಿಯ ತಳ ಸೇರುತ್ತದೆ, ಒಂದು ದಿನ ಮುಚ್ಚಿಯೂ ಹೋಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತಾರಲ್ಲ, ಇಲ್ಲಿ ಆ ಮಾತು ಸುಳ್ಳು. ದೂರು ಕಡಿಮೆ ಅಂದರೆ ತೊಂದರೆ ಕಡಿಮೆ ಅಂತಲ್ಲ, ಹೇಳುವವರು ಕಡಿಮೆ ಅಂತ.

ಆ ಕೊರತೆ ತುಂಬುವುದು ನಿಮ್ಮ ಕೈಲಿದೆ. ಕೋಡ್ ಬರೆಯುವ ಭಾಷೆಯೂ ನಿಮಗೆ ಗೊತ್ತು, ಅಜ್ಜಿಯ ಭಾಷೆಯೂ ಗೊತ್ತು. ಕನ್ನಡ ಎಲ್ಲಿ ಕೆಟ್ಟಿದೆಯೋ ಅಲ್ಲಿ ದೂರು ಬರೆಯಿರಿ. ಯಾವ ಫೋನು, ಯಾವ ಆವೃತ್ತಿ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂದು ಚಿತ್ರದೊಂದಿಗೆ ತಿಳಿಸಿ. ಸರಿಹೋಗದೆ ಮುಚ್ಚಿದರೆ ಮರ್ಯಾದೆಯಿಂದ ಮತ್ತೆ ಕೇಳಿ.