ರಜೆಯ ಸೇವೆ ಯಾರ ಖರ್ಚಿನಲ್ಲಿ?

(ಬೋನಾಳದಲ್ಲಿ ಊರವರೂ ವಿದ್ಯಾರ್ಥಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಚಳಿಗಾಲದ ರಜೆಯಲ್ಲಿ ಕಾಲೇಜು ಹುಡುಗರು ಸೇವಾಸಂಸ್ಥೆಗಳ ಮೂಲಕ ಹಳ್ಳಿಗೆ ಬಂದು ಮೂರು ನಾಲ್ಕು ವಾರ ದುಡಿಯುವ ಪದ್ಧತಿ ಬೆಳೆಯುತ್ತಿದೆ. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಬಂದವರಿಗೆ ನಮ್ಮ ಸ್ವಾಗತವಿದೆ. ಆದರೆ ಎರಡು ಪ್ರಶ್ನೆ ಕೇಳದೆ ಬಿಡಲಾರೆವು. ಬರಲಾಗದೆ ಉಳಿದವರು ಯಾರು? ಬಂದವರು ಹೋದ ಮೇಲೆ ಊರಿಗೆ ಉಳಿದದ್ದೇನು?

ಡಿಸೆಂಬರ್, ಜನವರಿ ಎಂದರೆ ನಮ್ಮ ಕಡೆ ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ಕಾಲ. ಕೂಲಿಕಾರನ ಮಗಳು ಕಾಲೇಜಿನಲ್ಲಿದ್ದರೂ ರಜೆಯಲ್ಲಿ ಹೊಲಕ್ಕೆ ಹೋಗಲೇಬೇಕು. ಕಿರಾಣಿ ಅಂಗಡಿಯವನ ಮಗ ತಕ್ಕಡಿ ಹಿಡಿಯಲೇಬೇಕು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಇಪ್ಪತ್ತು ದಿನಕ್ಕೆ 7,400 ರೂಪಾಯಿ. ಪಗಾರವಿಲ್ಲದ ಸೇವೆಗೆ ಬಾ ಎಂದರೆ ಬಡವನ ಮನೆ ಇಷ್ಟು ಹಣ ಕಳೆದುಕೊಳ್ಳಬೇಕು. ಬಸ್ ಚಾರ್ಜು, ಊಟ ಬೇರೆ. ಉಳ್ಳವರ ಮಕ್ಕಳು ಬಂದು ಪ್ರಮಾಣಪತ್ರ ಪಡೆಯುತ್ತಾರೆ. ನಾಳೆ ನೌಕರಿ ಕೇಳುವಾಗ ಅದೇ ಅವರ ಯೋಗ್ಯತೆಯಾಗುತ್ತದೆ. ಬಡವರ ನಡುವೆ ದುಡಿದ ಅನುಭವ ಬಡವರ ಮಕ್ಕಳಿಗೇ ಇಲ್ಲವೆಂದಾಗುತ್ತದೆ! ಇದು ಯಾವ ನ್ಯಾಯ?

ಸೇವೆಗೆ ಕೂಲಿ ಕೇಳಬಾರದೆಂದು ಕೆಲವರು ಹೇಳುತ್ತಾರೆ. ಗಿರಣಿಯ ಗೆಳೆಯರಿಗೆ ಇದರ ಉತ್ತರ ಗೊತ್ತು. 1961ರ ಅಪ್ರೆಂಟಿಸ್ ಕಾಯಿದೆ, ಕೆಲಸ ಕಲಿಯುವವನಿಗೂ ಭತ್ಯೆ ಕೊಡಬೇಕೆಂದು ಒಪ್ಪಿದೆ. ಕಲಿಯುವವನಿಗೂ ಹೊಟ್ಟೆಯಿದೆ ಎಂಬುದು ಅದರ ತಿರುಳು. 1922ರಲ್ಲಿ ಅಮೆರಿಕೆಗೆ ಓದಲು ಹೋದ ಜಯಪ್ರಕಾಶ ನಾರಾಯಣರು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ, ಹೋಟೆಲಿನಲ್ಲಿ ದುಡಿದು ವಿದ್ಯೆ ಸಂಪಾದಿಸಿದರು. ಕೂಲಿ ಪಡೆದದ್ದರಿಂದ ಅವರ ಸೇವಾಬುದ್ಧಿ ಕುಗ್ಗಲಿಲ್ಲ.

ಇನ್ನು ಎರಡನೆಯ ಪ್ರಶ್ನೆ. 1969ರಲ್ಲಿ, ಗಾಂಧೀಜಿಯ ಶತಮಾನೋತ್ಸವದ ವರ್ಷ, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ವಿದ್ಯಾರ್ಥಿ ಊರನ್ನು ಅರಿಯಬೇಕೆಂಬುದು ಅದರ ಆಶಯ. ಅರಿಯುವುದೆಂದರೆ ಮನೆ ಮನೆಗೆ ಹೋಗಿ ಎಷ್ಟು ಜನ, ಎಷ್ಟು ಸಾಲ ಎಂದು ಬರೆದುಕೊಂಡು ಹೋಗುವುದಷ್ಟೇ ಅಲ್ಲ. ಕೇಳಿದ್ದನ್ನೆಲ್ಲ ಹೇಳಿದ ತಾಯಿಗೆ ಆ ಕಾಗದ ಎಲ್ಲಿಗೆ ಹೋಯಿತೆಂದು ತಿಳಿಯದಿದ್ದರೆ ಅವಳ ಅರ್ಧ ದಿನದ ಕೂಲಿ ವ್ಯರ್ಥವಾಯಿತು.

ಒಳ್ಳೆಯ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮೂರ ಕೆರೆ ಪಕ್ಷಿಧಾಮ. ಇಂಥ ಕೆರೆಗಳ ನೀರುಹಕ್ಕಿಗಳನ್ನು ಪ್ರತಿ ಜನವರಿಯಲ್ಲಿ ಎಣಿಸುವ ಏಷ್ಯಾದ ಗಣತಿ 1987ರಿಂದ ನಡೆದಿದೆ, ಎಣಿಸುವವರು ಸ್ವಯಂಸೇವಕರೇ. ವರ್ಷ ವರ್ಷದ ಲೆಕ್ಕ ಕೂಡಿದ್ದರಿಂದಲೇ ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ಹೇಳಲು ಸಾಧ್ಯವಾಗುತ್ತದೆ. ಹಕ್ಕಿಗೆ ಸಲ್ಲುವ ಈ ಶ್ರದ್ಧೆ ಗುಳೆ ಹೋಗುವ ಮನುಷ್ಯನಿಗೂ ಸಲ್ಲಲಿ. ಈ ವರ್ಷ ಎಷ್ಟು ಮನೆಗೆ ಬೀಗ ಬಿತ್ತು, ಎಷ್ಟು ಮಕ್ಕಳು ಶಾಲೆ ಬಿಟ್ಟರು ಎಂದು ವಿದ್ಯಾರ್ಥಿಗಳು ಬರೆಯಲಿ. ಮುಂದಿನ ವರ್ಷ ಬಂದವರು ಅದನ್ನು ಮುಂದುವರಿಸಲಿ.

ನಮ್ಮ ಬೇಡಿಕೆ ಎರಡೇ. ಸಂಸ್ಥೆಗಳು ವಿದ್ಯಾರ್ಥಿಗೆ ದಿನಗೂಲಿಗೆ ಕಡಿಮೆಯಿಲ್ಲದ ಭತ್ಯೆ ಕೊಡಲಿ, ಈ ತಾಲೂಕಿನ ಮಕ್ಕಳನ್ನೂ ಸೇರಿಸಿಕೊಳ್ಳಲಿ. ಬರೆದ ವರದಿಯನ್ನು ಊರು ಬಿಡುವ ಮುನ್ನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ, ಒಂದು ಪ್ರತಿ ಪಂಚಾಯತಿಗೆ ಕೊಡಲಿ. ಇವೆರಡನ್ನೂ ಕಾರ್ಮಿಕರೂ ವರ್ತಕರೂ ಒಟ್ಟಾಗಿ ಕೇಳಬೇಕು. ಏಕೆಂದರೆ ಹೊರಗುಳಿದಿರುವವರು ನಿಮ್ಮ ಮಕ್ಕಳೇ.